ಕಾರಣ: ಮದ್ಯಪಾನ

“ಬಾಯಿ ತೆರೀರಿ,” ಎಂದಳು ಅಂಜನಾ.

ಮೌನೇಶ ಇನ್ನೂ ಹೊಸ್ತಿಲ ಹೊರಗೇ ಇದ್ದ. ಕಪನೂರಿನ ಕಾರ್ಖಾನೆಯಿಂದ ಕಲಬುರಗಿ ಕೋಟೆಯ ಹಿಂದಿನ ಈ ಬಾಡಿಗೆ ಮನೆಯವರೆಗೆ ಗಾಡಿ ಹೊಡೆದುಕೊಂಡು ಬಂದ ಧೂಳು ಹುಬ್ಬಿನ ಮೇಲೆ ಕೂತಿತ್ತು. ಒಂದು ಕಾಲಿನ ಚಪ್ಪಲಿ ಬಿಟ್ಟು ಇನ್ನೊಂದನ್ನು ಬಿಡುವಷ್ಟರಲ್ಲಿ ಹೆಂಡತಿ ಎದುರಿಗೆ ಬಂದು ನಿಂತಿದ್ದಳು.

“ಏನಂದಿ?”

“ಬಾಯಿ ತೆರೀರಿ ಅಂದೆ. ನಾ ಮೂಸಿ ನೋಡಬೇಕು.”

ಅವಳ ಕೈಯಲ್ಲಿ ಒಂದು ಕಾಗದವಿತ್ತು. ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಆರೋಗ್ಯ ತಪಾಸಣೆಯ ರಿಪೋರ್ಟು. ನಿನ್ನೆ ಕೈಗೆ ಬಂದದ್ದನ್ನು ಮೌನೇಶ ಓದದೆಯೇ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಮರೆತುಬಿಟ್ಟಿದ್ದ. ಅಂಗಿ ಒಗೆಯಲು ತೆಗೆದುಕೊಂಡಾಗ ಅವಳು ಓದಿದ್ದಳು. ಯಕೃತ್ತಿನ ಪರೀಕ್ಷೆಯ ಕೆಳಗೆ ಎರಡು ಸಂಖ್ಯೆಗಳು ದಪ್ಪ ಅಕ್ಷರದಲ್ಲಿದ್ದವು: ಎಸ್‌ಜಿಪಿಟಿ 286, ಎಸ್‌ಜಿಒಟಿ 131. ನಲವತ್ತರ ಆಸುಪಾಸಿನಲ್ಲಿರಬೇಕು ಎಂದು ಪಕ್ಕದಲ್ಲೇ ಅಚ್ಚಾಗಿತ್ತು. ಅದರ ಕೆಳಗೆ ‘ಕಾರಣ’ ಎಂಬ ಕಾಲಮ್ಮಿನಲ್ಲಿ ಡಾಕ್ಟರು ನೀಲಿ ಪೆನ್ನಿನಿಂದ ಒಂದೇ ಪದ ಬರೆದಿದ್ದರು. ಮದ್ಯಪಾನ.

ಮೌನೇಶ ಅದನ್ನು ಎರಡು ಸಲ ಓದಿದ. ಮೂರನೆಯ ಸಲ ಓದುವಾಗ ಕಿವಿ ಬಿಸಿಯಾಯಿತು.

“ಇದು ಸುಳ್ಳ. ನನ್ನ ಜೀವನದಾಗ ಒಂದ್ ಹನಿ ಮುಟ್ಟಿಲ್ಲ ನಾ. ನಿನಗ ಗೊತ್ತಿಲ್ಲೇನು?”

“ನನಗೇನು ಗೊತ್ತು? ಮುಂಜಾನೆ ಎಂಟಕ್ಕ ಹೋಗ್ತೀರಿ, ಸಂಜೀಗೆ ಬರ್ತೀರಿ. ನಡುವ ಏನು ಮಾಡ್ತೀರಿ ಅಂತ ನಾ ಬಂದು ನೋಡೀನೇನು? ಎರಡು ತಿಂಗಳಾತು ಊಟ ಸೇರವಲ್ದು, ಮುಂಜಾನೆ ಎದ್ದ ಕೂಡ್ಲೇ ವಾಂತಿ. ಕೇಳಿದರ ಪಿತ್ತ ಅಂತೀರಿ. ನಮ್ಮಪ್ಪನೂ ಪಿತ್ತನ ಅಂತಿದ್ದ.”

ಅಂಜನಾಳ ತಂದೆ ಕುಡಿದು ಸತ್ತವನು. ಹೊಟ್ಟೆ ಊದಿ, ಕಣ್ಣು ಹಳದಿಯಾಗಿ, ಕೊನೆಗೆ ರಕ್ತ ಕಾರಿಕೊಂಡು. ಆಗ ಅವಳಿಗೆ ಹದಿನಾರು. ಹೆಣ್ಣು ನೋಡಲು ಬಂದ ದಿನ ಹಿರಿಯರ ಎದುರಿಗೇ ಅವಳು ಮೌನೇಶನನ್ನು ಕೇಳಿದ್ದು ಒಂದೇ ಪ್ರಶ್ನೆ, ಕುಡೀತೀರೇನು ಅಂತ. ಅವನು ಕೊರಳಲ್ಲಿದ್ದ ಲಿಂಗವನ್ನು ಮುಟ್ಟಿ ಇಲ್ಲ ಎಂದಿದ್ದ. ಹದಿನಾಲ್ಕು ವರ್ಷ ಆ ಮಾತಿನ ಮೇಲೆ ಸಂಸಾರ ನಡೆದಿತ್ತು.

ಈಗಲೂ ಅವನ ಕೈ ತಾನಾಗಿ ಕೊರಳಿಗೆ ಹೋಯಿತು.

“ಬ್ಯಾಡ,” ಎಂದಳು ಅಂಜನಾ. “ಆಣಿ ಮಾಡಬ್ಯಾಡ್ರಿ. ನಮ್ಮಪ್ಪ ದಿನಾ ಮಾಡ್ತಿದ್ದ.”

ಅವನು ಬಾಯಿ ತೆರೆದ. ಅವಳು ಹತ್ತಿರ ಬಂದು ಮೂಸಿದಳು. ಹದಿನಾಲ್ಕು ವರ್ಷದ ಹೆಂಡತಿ ತನ್ನ ಬಾಯಿ ಮೂಸುವಾಗ ಗಂಡಸು ಎಲ್ಲಿ ನೋಡಬೇಕು ಎಂದು ಮೌನೇಶನಿಗೆ ಗೊತ್ತಾಗಲಿಲ್ಲ. ಎದುರು ಮನೆಯ ಕಟ್ಟೆಯ ಮೇಲೆ ಕೂತವರು ನೋಡುತ್ತಿದ್ದರು.

“ಮೀನಿನ ವಾಸನಿ ಬರ್ತದ,” ಎಂದಳು ಅವಳು ಹಿಂದೆ ಸರಿದು. ಅವರ ಮನೆಯಲ್ಲಿ ಯಾರೂ ಮೀನು ತಿನ್ನುತ್ತಿರಲಿಲ್ಲ.

ಅವಳು ಒಳಗೆ ಹೋದ ಮೇಲೆ ಮೌನೇಶ ಹೊರಗಿನ ಕಲ್ಲಿನ ಮೇಲೆ ಕೂತ. ಆ ಡಾಕ್ಟರನ ಕೊರಳಪಟ್ಟಿ ಹಿಡಿದು ಕೇಳಬೇಕು, ಯಾವಾಗ ನೋಡಿದಿ ನಾ ಕುಡಿಯೋದು ಅಂತ. ಹಾಗೆ ಅಂದುಕೊಂಡ ಕೂಡಲೇ ಇನ್ನೊಬ್ಬನ ದನಿ ನೆನಪಾಯಿತು. “ಖುದಾ ಕಸಂ ಸಾಹೇಬ್ರ, ನಾ ಕುಡಿಯಂಗಿಲ್ಲ.” ಅದು ಗುಫ್ರಾನನ ದನಿ. ಹೋದ ವರ್ಷ ಇದೇ ತಪಾಸಣೆಯಾದ ವಾರ.

ಅವರದು ರೆಗ್ಜಿನ್ ತಯಾರಿಸುವ ಕಾರ್ಖಾನೆ. ಆಟೋದ ಸೀಟಿಗೆ, ಶಾಲೆಯ ಚೀಲಕ್ಕೆ ಹಾಕುವ ರೆಗ್ಜಿನ್. ಬಟ್ಟೆಗೆ ಲೇಪ ಹಚ್ಚುವ ಖೋಲಿಯಲ್ಲಿ ಗುಫ್ರಾನ್ ನೀಲಿ ಡ್ರಮ್ಮುಗಳ ದ್ರಾವಣವನ್ನು ತೊಟ್ಟಿಗೆ ಸುರಿದು ಕಲಸುತ್ತಿದ್ದ. ಇಪ್ಪತ್ತೆಂಟರ ಗಂಡಸು, ಕಮಲಾಪುರದವನು, ಕೆಲಸದಲ್ಲಿ ಚೊಕ್ಕ. ಒಂದು ದಿನ ಮಧ್ಯಾಹ್ನ ಮುಖ ಕೆಂಪಗಾಗಿ, ತೂರಾಡುತ್ತ ಹೊರಗೆ ಬಂದು ಗೋಡೆಯ ಬುಡದಲ್ಲಿ ವಾಂತಿ ಮಾಡಿದ. ಅಷ್ಟರಲ್ಲಿ ರಿಪೋರ್ಟೂ ಬಂದಿತ್ತು. ಅದರಲ್ಲೂ ಇದೇ ಪದವಿತ್ತು. ‘ಕೆಲಸದ ವೇಳೆಯಲ್ಲಿ ಕುಡಿದಿದ್ದನ್ನು ಕಣ್ಣಾರೆ ಕಂಡಿದ್ದೇನೆ’ ಎಂದು ಮ್ಯಾನೇಜರ್ ಅಮರನಾಥ ಟೈಪು ಮಾಡಿಸಿ ತಂದ ಹಾಳೆಗೆ ಸೂಪರ್‌ವೈಸರ್ ಮೌನೇಶ ಸಹಿ ಹಾಕಿದ. ಗುಫ್ರಾನ್ ಆಣೆ ಮಾಡಿದಾಗ ಅವನು ಅಂದದ್ದು ಇಷ್ಟೇ: “ಎಲ್ಲಾರೂ ಹಂಗ ಅಂತಾರ.” ಗುಫ್ರಾನನನ್ನು ತೆಗೆದರು. ಬದಲಿ ಆಳು ಸಿಗದ್ದಕ್ಕೆ ಅಂದಿನಿಂದ ಆ ತೊಟ್ಟಿಯ ಮುಂದೆ ನಿಂತು ಕಲಸಿದವನು ಮೌನೇಶನೇ.

ಮರುದಿನ ಅವನು ಕೆಲಸಕ್ಕೆ ಹೋಗಲಿಲ್ಲ. ಜಗತ್ ಸರ್ಕಲ್ಲಿನ ಹತ್ತಿರ, ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕಾರ್ಖಾನೆಯ ಡಾಕ್ಟರ್ ವಿವೇಕಾನಂದರ ಕ್ಲಿನಿಕ್ಕು. ಕೆಳಗಿನ ಹಾರ್ನುಗಳ ಗದ್ದಲದಲ್ಲಿ ದನಿ ಏರಿಸಿಯೇ ಮಾತಾಡಬೇಕಿತ್ತು. ಮೌನೇಶನಿಗೆ ಅದು ಅನುಕೂಲವೇ ಆಯಿತು.

“ನಾ ಕುಡೀತೀನಂತ ನಿಮಗ ಯಾರು ಹೇಳಿದ್ರು?”

ಡಾಕ್ಟರು ಕಾಗದ ನೋಡಿದರು, ಮುಖ ನೋಡಲಿಲ್ಲ. “ಲಿವರ್ ಎನ್‌ಜೈಮ್ ಏರ್ಯಾವ. ನಮ್ಮ ಕಡಿ ಗಂಡಸರಿಗೆ ಏರಿದರ ಹತ್ತರಾಗ ಎಂಟು ಮಂದಿಗೆ ಕಾರಣ ಅದನ.”

“ನನ್ನ ಕೇಳಿದ್ರೇನು?”

“ಒಂದ್ ದಿನಕ್ಕ ತೊಂಬತ್ತು ಮಂದೀನ್ನ ನೋಡೀನಿ. ಒಬ್ಬೊಬ್ಬರನ್ನೂ ಕೂಡ್ರಿಸಿಕೊಂಡು ಕೇಳಲೇನು? ಫಾರ್ಮಿನ್ಯಾಗ ಕಾರಣ ಅಂತ ಕಾಲಂ ಅದ, ಖಾಲಿ ಬಿಟ್ರ ಆಫೀಸಿನವರು ವಾಪಸ್ ಕಳಸ್ತಾರ.”

“ಖಾಲಿ ಬಿಡಬಾರದು ಅಂತ ನನ್ನ ಮಾನ ತುಂಬಿದ್ರೇನ್ರಿ ಅದರಾಗ?”

“ಬಿಟ್ಟುಬಿಡ್ರಿ, ಇಳೀತದ,” ಎಂದು ಡಾಕ್ಟರು ಗಂಟೆ ಒತ್ತಿದರು. “ಕುಡಿಯೋರು ಎಲ್ಲಾರೂ ಮೊದಲ ಹಿಂಗ ಅಂತಾರ.”

ಮೌನೇಶ ಮೇಜಿನ ಮೇಲಿದ್ದ ಪೆನ್ನುಗಳ ಡಬ್ಬಿಯನ್ನು ಕೈಯಿಂದ ಬೀಸಿ ಕೆಡವಿದ. ಹೊರಗೆ ಕೂತ ರೋಗಿಗಳು, ಕುಡಿದು ಬಂದಿರಬೇಕು ಎನ್ನುವುದು ಮೆಟ್ಟಿಲಿಳಿಯುವಾಗ ಕೇಳಿಸಿತು.

ಅಂಜನಾ ಅವನನ್ನು ಇನ್ನೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ನಂಬಿ ಹೋದದ್ದಲ್ಲ, ಅವನ ಸುಳ್ಳನ್ನು ಎದುರಿಗೇ ಹಿಡಿಯಬೇಕೆಂದು. ಡಾಕ್ಟರ್ ಮೆಹರುನ್ನಿಸಾ ಸರಕಾರಿ ನೌಕರಿಯಿಂದ ನಿವೃತ್ತರಾಗಿ ಕೋಟೆಯ ಕಂದಕದ ಎದುರಿಗೆ ಸಣ್ಣ ದವಾಖಾನೆ ಇಟ್ಟುಕೊಂಡಿದ್ದರು. ಅವರು ರಿಪೋರ್ಟನ್ನು ಪಕ್ಕಕ್ಕಿಟ್ಟು ಮೊದಲು ಕೇಳಿದ್ದು, “ಏನು ಕೆಲಸ ಮಾಡ್ತೀರಿ?”

ಮೌನೇಶ ಹೇಳಿದ. ಡ್ರಮ್ಮಿನ ಮೇಲಿನ ಹೆಸರಿನ ಚೀಟಿ ಹರಿದುಹಾಕಿದ್ದಾರೆ ಎಂದಾಗ ಅದರ ಬಣ್ಣ ಕೇಳಿದರು, ವಾಸನೆ ಕೇಳಿದರು, ಕೈಗವಸು ಉಂಟೋ ಎಂದು ಕೇಳಿದರು. ಕೈಗವಸು ಇರಲಿಲ್ಲ. ಬರಿಗೈಯಲ್ಲೇ ಕಲಸಿ, ಅದರಿಂದಲೇ ಕೈ ತೊಳೆದುಕೊಳ್ಳುತ್ತಿದ್ದರು. ಬಣ್ಣ ಚೆನ್ನಾಗಿ ಬಿಡುತ್ತಿತ್ತು.

“ಮೀನಿನ ವಾಸನಿ,” ಎಂದಳು ಅಂಜನಾ ತಟ್ಟನೆ.

ಡಾಕ್ಟರು ಅವಳ ಕಡೆ ನೋಡಿ ತಲೆಯಾಡಿಸಿದರು. “ಡೈಮಿಥೈಲ್ ಫಾರ್ಮಮೈಡ್ ಇರಬೇಕು. ರೆಗ್ಜಿನ್ನಿಗೆ ಅದನ ಹಾಕ್ತಾರ. ಉಸಿರಿನ್ಯಾಗೂ ಹೋಗ್ತದ, ಚರ್ಮದಾಗಿಂದನೂ ಇಳೀತದ. ಲಿವರಿನ ಕಣಕ್ಕ ಪೆಟ್ಟು ಬಿದ್ದರ ಒಳಗಿರೋ ಎನ್‌ಜೈಮ್ ರಕ್ತಕ್ಕ ಸೋರ್ತದ. ಈ ನಂಬರ್ ಹೇಳೋದು ಅಷ್ಟ. ಪೆಟ್ಟು ಯಾರು ಹಾಕಿದ್ರು ಅಂತ ಅದು ಹೇಳಂಗಿಲ್ಲ. ದಾರೂ ಇರಬಹುದು, ಕಾಮಾಲಿ ವೈರಸ್ ಇರಬಹುದು, ಬೊಜ್ಜು, ಸಕ್ಕರಿ ಕಾಯಿಲೆ, ನೋವಿನ ಗುಳಿಗಿ, ಟಿಬಿ ಔಷಧಿ... ಒಂದೊಂದನ್ನ ಪರೀಕ್ಷಾ ಮಾಡಿ ತಗೀಬೇಕು. ದಾರೂ ಆದರ ಸಾಮಾನ್ಯವಾಗಿ ಎಸ್‌ಜಿಒಟಿ ಮ್ಯಾಲಿರ್ತದ. ಇವರದು ಉಲ್ಟಾ ಅದ.”

“ಅಂದರ ಇವರು ಕುಡಿಯಂಗಿಲ್ಲೇನ್ರಿ? ಖರೇ ಹೇಳ್ರಿ,” ಎಂದಳು ಅಂಜನಾ.

“ಅದನ್ನ ಕಾಗದ ನೋಡಿ ನಾ ಹೇಳಿದರ ನಾನೂ ಆ ಡಾಕ್ಟರನಂಗ ಆದೆನಲ್ಲ. ಮೂರು ವಾರ ಆ ಖೋಲಿಗೆ ಹೋಗಬ್ಯಾಡ್ರಿ. ಮತ್ತ ನೋಡೋಣು. ಹಂಗ ಬಿಟ್ರ ಮಾತ್ರ ಲಿವರ್ ಕಲ್ಲಾಗ್ತದ. ನೋವು ಆಗಂಗಿಲ್ಲ, ಗೊತ್ತೂ ಆಗಂಗಿಲ್ಲ. ಗೊತ್ತಾಗೋದ್ರಾಗ ಹೊಟ್ಟಿಗೆ ನೀರು ತುಂಬಿರ್ತದ.”

ಅಂಜನಾ ಸೆರಗು ಹಿಡಿದುಕೊಂಡಳು. ಹೊಟ್ಟೆಗೆ ನೀರು ತುಂಬುವುದು ಹೇಗಿರುತ್ತದೆಂದು ಅವಳು ನೋಡಿದ್ದಳು.

ಮೂರು ವಾರ ರಜೆ ಹಾಕಿಸಿ ಅವಳು ಅವನನ್ನು ಒಬ್ಬನೇ ಹೊರಗೆ ಬಿಡಲಿಲ್ಲ. ಕಾಮಾಲೆಯ ಪರೀಕ್ಷೆಗಳಲ್ಲಿ ಏನೂ ಇರಲಿಲ್ಲ, ಸಕ್ಕರೆಯೂ ಇರಲಿಲ್ಲ. ಇಪ್ಪತ್ತೆರಡನೆಯ ದಿನ ಎಸ್‌ಜಿಪಿಟಿ 79ಕ್ಕೆ ಇಳಿದಿತ್ತು. ಮೌನೇಶ ಕಾಗದವನ್ನು ಗೆದ್ದವನಂತೆ ಅವಳ ಮುಂದೆ ಹಿಡಿದ.

“ಕುಡಿಯೋದು ಬಿಟ್ಟರೂ ಇಳೀತಾವಲ್ಲ,” ಎಂದಳು ಅವಳು ಮೆಲ್ಲಗೆ. “ನಾ ಕಾವಲ ಕೂತಿದ್ದೆ, ಕುಡಿಯಾಕ ಎಲ್ಲಿ ಆಗ್ತಿತ್ತು?”

ಅವನು ಏನನ್ನಾದರೂ ಒಡೆಯುತ್ತಿದ್ದನೇನೋ. ಒಡೆಯಲಿಲ್ಲ. ಮಾರನೆಯ ಬೆಳಿಗ್ಗೆ ಕಾರ್ಖಾನೆಗೆ ಹೋಗಿ, ತನ್ನದೇ ಕಪಾಟಿನಲ್ಲಿದ್ದ ತಪಾಸಣೆಯ ಫೈಲನ್ನು ತೆಗೆದು, ಹಾಳೆ ಹಾಳೆಯ ಫೋಟೋ ತೆಗೆದುಕೊಂಡು ಬಂದು ಅಂಜನಾಳ ಮುಂದಿಟ್ಟ. ಲೇಪದ ಖೋಲಿಯಲ್ಲಿ ಹನ್ನೊಂದು ಮಂದಿ. ಒಂಬತ್ತು ಮಂದಿಗೆ ಸಂಖ್ಯೆ ಏರಿತ್ತು. ಒಂಬತ್ತಕ್ಕೂ ಕಾರಣ ಒಂದೇ, ಅದೇ ನೀಲಿ ಪೆನ್ನು.

ಅಂಜನಾ ಒಂದು ಹಾಳೆಯ ಹತ್ತಿರ ನಿಂತಳು. “ಲಲಿತಾಬಾಯಿ? ಮಶೀನಿನ ಉರುಳಿ ಒರಸೋ ಮುದುಕಿ? ದೀಪಾವಳಿಗೆ ನಮ್ಮ ಮನಿಗೆ ಕರ್ಚಿಕಾಯಿ ಕೊಟ್ಟಾಕಿ?”

“ಹ್ಞೂಂ.”

“ಆಕಿ ಕುಡೀತಾಳಂತ?”

“ಬರದಾರಲ್ಲ.”

“ನಾಗಣ್ಣಂದು ಎಲ್ಲಿ? ಟೆಂಪೋ ಡ್ರೈವರಂದು?” ನಾಗಣ್ಣ ಸಂಜೆಯಾದರೆ ನೆಟ್ಟಗೆ ನಿಲ್ಲಲಾರದವನು ಎಂಬುದು ಕಪನೂರಿಗೆಲ್ಲ ಗೊತ್ತಿತ್ತು. ಅವನ ಎಸ್‌ಜಿಪಿಟಿ 38. ಕಾರಣದ ಕಾಲಂ ಖಾಲಿ. ಅವನು ಲೇಪದ ಖೋಲಿಯೊಳಗೆ ಎಂದೂ ಕಾಲಿಟ್ಟಿರಲಿಲ್ಲ.

ಅಂಜನಾ ಆ ಎರಡು ಹಾಳೆಗಳನ್ನು ಹಿಂದೆ ಮುಂದೆ ಸರಿಸಿ ಮತ್ತೆ ನೋಡಿದಳು. ಆಮೇಲೆ ಫೋನನ್ನು ನೆಲದ ಮೇಲಿಟ್ಟು, “ಭಾಡ್ಯಾಗೋಳು,” ಎಂದಳು. ಅವಳ ಬಾಯಿಂದ ಮೌನೇಶ ಬೈಗುಳ ಕೇಳಿದ್ದು ಅದೇ ಮೊದಲು. “ಆ ಮುದುಕಿಗೆ ಓದಾಕ ಬರಂಗಿಲ್ಲ ಅಂತ ಮಾಡ್ಯಾರ. ನಾ ಹೋಗಿ ಹೇಳ್ತೀನಿ ಆಕಿಗೆ. ಈಗ ಹೋಗ್ತೀನಿ.” ಕ್ಷಮಿಸಿರಿ ಎಂದು ಅವಳು ಅನ್ನಲಿಲ್ಲ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಫೋಟೋ ತೆಗೆದ ಸುದ್ದಿ ಅಷ್ಟರಲ್ಲಿ ಮ್ಯಾನೇಜರ್ ಅಮರನಾಥನಿಗೆ ಮುಟ್ಟಿತ್ತು. ಮರುದಿನ ಅವನು ಮೌನೇಶನನ್ನು ಆಫೀಸಿಗೆ ಕರೆದು ಕೂರಿಸಿ, ಚಹ ತರಿಸಿ, ನಗುತ್ತ ಮಾತು ತೆಗೆದ.

“ನಿಮ್ಮದು ತಪ್ಪಾಗ್ಯದ ಬಿಡ್ರಿ. ನಾಳಿಗೆ ಬದಲಿ ಮಾಡಿಸ್ತೀನಿ. ಫ್ಯಾಟಿ ಲಿವರ್ ಅಂತ ಬರಸೋಣು, ಅದು ಈಗ ಎಲ್ಲಾರಿಗೂ ಇರ್ತದ. ನಿಮ್ಮನ್ನ ಪ್ಯಾಕಿಂಗಿಗೆ ಹಾಕ್ತೀನಿ. ಆ ಫೋಟೋಗೋಳು ಮಾತ್ರ ತಗದುಬಿಡ್ರಿ.”

“ಲಲಿತಾಬಾಯಿದೂ ಬದಲಿ ಮಾಡ್ತೀರೇನು?”

“ಆಕೀದು ಯಾಕ? ಆಕಿಗೇನು ಓದಾಕ ಬರ್ತದ?”

“ಗುಫ್ರಾನಂದು?”

“ಅವ ಹೋಗಿ ವರ್ಷಾತು. ಮ್ಯಾಲ ಅದರಾಗ ನಿಮ್ಮದ ಸಹಿ ಅದ ಮೌನೇಶ. ಕಣ್ಣಾರೆ ಕಂಡೀನಿ ಅಂತ. ನೆನಪದ ಇಲ್ಲೋ?”

ಅಮರನಾಥ ಇನ್ನೂ ನಗುತ್ತಲೇ ಇದ್ದ. ಮೌನೇಶ ಚಹದ ಲೋಟವನ್ನು ಎತ್ತಿ, ಮೇಜಿನ ಮೇಲಿದ್ದ ಹೊಸ ರೆಗ್ಜಿನ್ನಿನ ನಮೂನೆಗಳ ಮೇಲೆ ಸುರಿದ. ನಿಧಾನವಾಗಿ, ಕೊನೆಯ ಹನಿಯವರೆಗೆ.

“ಡ್ರಮ್ಮಿನ ಮ್ಯಾಲಿನ ಚೀಟಿ ಯಾರು ಹರಿಸಿದ್ರು ಅಂತನೂ ನನಗ ನೆನಪದ,” ಎಂದ. “ಅದನ್ನೂ ಬರದು ಕೊಡ್ತೀನಿ.”

ಅಂದೇ ಕೆಲಸ ಹೋಯಿತು. ಡಾಕ್ಟರ್ ಮೆಹರುನ್ನಿಸಾ ಬರೆದುಕೊಟ್ಟ ಪತ್ರವನ್ನೂ ಒಂಬತ್ತು ಹಾಳೆಗಳನ್ನೂ ಸೇರಿಸಿ ಅವನು ಕಾರ್ಖಾನೆಗಳ ತಪಾಸಣಾ ಕಚೇರಿಗೆ ಕೊಟ್ಟ. ಲಲಿತಾಬಾಯಿ ತಾನೂ ಬಂದು ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು, ಒತ್ತುವಾಗ ಗುಮಾಸ್ತನಿಗೆ, “ನನ್ನ ಗಂಡಗ ಸುದ್ದಾ ಕುಡಿಯಾಕ ಬಿಟ್ಟಾಕಿ ಅಲ್ಲ ನಾ, ತಿಳೀತೇನು?” ಎಂದು ಗದರಿದಳು. ಗುಮಾಸ್ತ ಮುದ್ರೆ ಒತ್ತಿ, ನೋಡೋಣು ಎಂದ.

ಗುಫ್ರಾನನಿಗೆ ಎಷ್ಟು ಸಲ ಫೋನು ಮಾಡಿದರೂ ಅವನು ಎತ್ತಲಿಲ್ಲ. ಮೌನೇಶನ ನಂಬರನ್ನು ಅವನು ಬ್ಲಾಕ್ ಮಾಡಿರಬೇಕು. ಕೊನೆಗೆ ಒಂದು ಬೆಳಿಗ್ಗೆ ಮೌನೇಶ ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದ.

ಗುಫ್ರಾನನ ತಂದೆ ಬುರ್ಹಾನುದ್ದೀನ್ ಹೆದ್ದಾರಿಯ ಪಕ್ಕ ಕೆಂಪು ಬಾಳೆಹಣ್ಣಿನ ವ್ಯಾಪಾರಿ. ತಗಡಿನ ಚಪ್ಪರದ ಕೆಳಗೆ ಗೊನೆಗಳು ತೂಗುತ್ತಿದ್ದವು. ಮುದುಕ ಕುಡುಗೋಲಿನಿಂದ ಗೊನೆಯ ಚಿಪ್ಪು ಬಿಡಿಸುತ್ತಿದ್ದ.

“ಗುಫ್ರಾನ್ ಇದ್ದ ಕಾರ್ಖಾನಿಯವ ರೀ ನಾ. ಮೌನೇಶ ಅಂತ.”

ಕುಡುಗೋಲು ನಿಲ್ಲಲಿಲ್ಲ. “ಅವ ಇಲ್ಲಿಲ್ಲ.”

“ನಿಮಗ ಹೇಳಾಕ ಬಂದೀನಿ. ಅವ ಕುಡೀತಿರಲಿಲ್ಲ. ಅಲ್ಲಿನ ಡ್ರಮ್ಮಿನ ಔಷಧಿಯಿಂದ ಹಂಗಾಗಿತ್ತು. ನನಗೂ ಆಗ್ಯದ.” ನಿಂತಲ್ಲೇ ನಿಂತು, ತನ್ನ ಸಹಿಯೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದ, ಕಾಗದಗಳನ್ನು ಒಂದೊಂದಾಗಿ ತೆಗೆದು ಬಾಳೆಯ ಎಲೆಗಳ ಮೇಲಿಟ್ಟ. ಮುದುಕ ಕುಡುಗೋಲನ್ನು ಕೆಳಗಿಟ್ಟ.

“ಅವನ್ನ ತಗದಾಗ ಕೊಟ್ಟ ಕಾಗದ ನಾ ಮೂರು ಮಂದಿ ಕಡಿಂದ ಓದಿಸೀನಿ,” ಎಂದ. “ಅವ ಕುರಾನ್ ಮ್ಯಾಲ ಕೈ ಇಟ್ಟು ಹೇಳ್ದ, ಅಬ್ಬಾ ನಾ ಕುಡಿದಿಲ್ಲ ಅಂತ. ಈಗ ಇದರ ಮ್ಯಾಲನೂ ಸುಳ್ಳು ಹೇಳ್ದೆಲ್ಲೋ ಅಂದೆ. ಡಾಕ್ಟರ್ ಬರದಾನ, ಸಾಹೇಬ ಕಣ್ಣಾರೆ ನೋಡೀನಂತ ಸಹಿ ಮಾಡ್ಯಾನ, ಇಬ್ಬರೂ ಸುಳ್ಳರೇನು ಅಂದೆ. ಎರಡು ತಿಂಗಳು ಬಿಟ್ಟು ಇಲ್ಲೇ ದವಾಖಾನ್ಯಾಗ ಮತ್ತ ರಗತ ತಗಸಿದೆ. ಪೂರಾ ಇಳದಿತ್ತು. ನೋಡು, ಬಿಟ್ಟಿ, ಇಳೀತು, ಅಂದೆ. ಅವ ನನ್ನ ಮಾರಿ ನೋಡ್ದ. ಮರುದಿನ ಹೆಣ್ತಿನ್ನ ಕರಕೊಂಡು ಹೋದ.” ಮುದುಕ ತಲೆ ಎತ್ತಿದ. “ಆ ಸಹಿ ಮಾಡಿದ ಸಾಹೇಬ ಯಾರು?”

“ನಾನ ರೀ.”

ಏಟು ಎಷ್ಟು ಜೋರಾಗಿ ಬಿತ್ತೆಂದರೆ ಮೌನೇಶ ಗೊನೆಯೊಂದಕ್ಕೆ ತಾಗಿ ತಿರುಗಿ ನಿಂತ. ರಸ್ತೆಯ ಜನ ಓಡಿಬಂದರು. ಅವನು ಕೈ ಎತ್ತಿ ಅವರನ್ನು ತಡೆದ. ಮುದುಕ ಏದುಸಿರು ಬಿಡುತ್ತ ಮತ್ತೊಮ್ಮೆ ಕೈ ಎತ್ತಿದ. ಆ ಕೈ ಅರ್ಧಕ್ಕೇ ನಿಂತಿತು.

“ಈಗ ಎಲ್ಲಿದ್ದಾನ ಅವ?” ಎಂದು ಕೇಳಿದ ಮೌನೇಶ. ಕೆನ್ನೆ ಉರಿಯುತ್ತಿತ್ತು.

“ಜಹೀರಾಬಾದಿನ್ಯಾಗ. ಅಲ್ಲೂ ರೆಗ್ಜಿನ್ ಕಾರ್ಖಾನಿನ. ಅದೊಂದೇ ಕೆಲಸ ಬರ್ತದ ಅವಗ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೌನೇಶ ಏನೂ ವಿವರಿಸಬೇಕಾಗಲಿಲ್ಲ. ಮುದುಕ ಜೇಬು ತಡಕಿ ಫೋನು ತೆಗೆದ. ಹತ್ತು ತಿಂಗಳಿಂದ ಒತ್ತದಿದ್ದ ನಂಬರನ್ನು ಹುಡುಕಲು ಬೆರಳು ಓಡುತ್ತಿರಲಿಲ್ಲ. ಮಗ ಎತ್ತಲಿಲ್ಲ. ಮತ್ತೆ ಮಾಡಿದ, ಎತ್ತಲಿಲ್ಲ. ಸೊಸೆ ಆಸ್ಫಿಯಾಳ ನಂಬರಿಗೆ ಮಾಡಿದ. ಅವಳ ದನಿ ಹೊರಗೂ ಕೇಳಿಸುತ್ತಿತ್ತು. ಅವರು ಕೆಲಸಕ್ಕೆ ಹೋಗಿದ್ದಾರೆ, ನಾಲ್ಕು ದಿನದಿಂದ ಏನೂ ತಿಂದಿಲ್ಲ, ಬೇಡವೆಂದರೂ ಹೋಗಿದ್ದಾರೆ ಎಂದು ಅವಳು ದಖನಿ ಉರ್ದುವಿನಲ್ಲಿ ಹೇಳುತ್ತಿದ್ದಳು.

“ಅಬ್ಬಿಚ್ ಜಾ ಬೇಟಿ!” ಎಂದು ಮುದುಕ ಕೂಗಿದ. “ಉಸ್ಕೋ ಬಾಹರ್ ಬುಲಾ. ಉನ್ ಡ್ರಮ್ಮಾಂಕು ಹಾತ್ ನಕ್ಕೊ ಲಗಾ ಬೋಲ್. ಅಬ್ಬಾ ಬುಲಾರೈಂ ಬೋಲ್.” ಈಗಲೇ ಹೋಗಿ ಅವನನ್ನು ಹೊರಗೆ ಕರೆ, ಆ ಡ್ರಮ್ಮುಗಳನ್ನು ಮುಟ್ಟಬೇಡ ಅನ್ನು, ಅಪ್ಪ ಕರೆಯುತ್ತಿದ್ದಾನೆ ಅನ್ನು. ಆಮೇಲೆ ದನಿ ತಗ್ಗಿತು. ಫೋನು ಇಳಿಸಿದ.

ಮುಕ್ಕಾಲು ಗಂಟೆ ಅವರು ಕಾದರು. ಫೋನು ರಿಂಗಾದಾಗ ಮುದುಕ ಎರಡೂ ಕೈಯಿಂದ ಅದನ್ನು ಕಿವಿಗೆ ಒತ್ತಿಕೊಂಡ. “ಹ್ಞಾಂ,” ಎಂದ. “ಹ್ಞಾಂ.” ಅಷ್ಟೇ. ಫೋನು ಇಟ್ಟ ಮೇಲೆ ಮೌನೇಶನ ಕಡೆ ತಿರುಗಲಿಲ್ಲ.

“ಹೊರಗ ಬಂದಾನೇನ್ರಿ?”

“ಬಂದಾನ. ಕಣ್ಣು ಹಳದಿ ಆಗ್ಯಾವಂತ.” ಮುದುಕ ಕಾಗದಗಳನ್ನು ಒಟ್ಟು ಮಾಡಿ ಮೌನೇಶನ ಎದೆಗೆ ತಳ್ಳಿದ. “ಬಸ್ ಹಿಡಿದು ಬರ್ತಾನಂತ. ಆ ಡಾಕ್ಟರಮ್ಮನ ಹೆಸರು ಹಿಂದ ಬರದು ಕೊಡು. ನೀ ಹೋಗು ಇನ್ನ.”

ಮೌನೇಶ ಡಾಕ್ಟರ ಹೆಸರು, ವಿಳಾಸ, ತನ್ನ ನಂಬರು ಬರೆದು ಕೊಟ್ಟ. ಕೂಡು ಎಂದು ಮುದುಕ ಅನ್ನಲಿಲ್ಲ. ಮೌನೇಶ ರಸ್ತೆ ದಾಟಿ ಕಲಬುರಗಿಯ ಬಸ್ಸು ನಿಲ್ಲುವ ಕಡೆ ಬೇವಿನ ಮರದ ಕೆಳಗೆ ನಿಂತ. ಬಂದ ಮೊದಲ ಬಸ್ಸನ್ನು ಹತ್ತಲಿಲ್ಲ. ಎರಡನೆಯದನ್ನೂ ಹತ್ತಲಿಲ್ಲ.

ಎದುರು ಬದಿಯಲ್ಲಿ ಬುರ್ಹಾನುದ್ದೀನ್ ಗೊನೆಗಳ ಮೇಲೆ ಗೋಣಿತಟ್ಟು ಎಳೆದು, ಒಂದು ಖಾಲಿ ಪೆಟ್ಟಿಗೆಯನ್ನು ಹೊತ್ತುಕೊಂಡು ಬಂದು ರಸ್ತೆಯ ಅಂಚಿಗೆ ಹಾಕಿಕೊಂಡ. ಜಹೀರಾಬಾದಿನಿಂದ ಹೊರಟ ಬಸ್ಸು ಸಂಜೆಗೆ ಮುಂಚೆ ಬರುವಂತಿರಲಿಲ್ಲ. ಬಿಸಿಲು ನೆತ್ತಿಯ ಮೇಲಿತ್ತು. ಮುದುಕ ಹುಮನಾಬಾದಿನ ದಿಕ್ಕಿಗೆ ಮುಖ ಮಾಡಿ ಕೂತ. ಆ ಕಡೆಯಿಂದ ಬಸ್ಸೊಂದು ಬಂದು ನಿಂತಾಗ ಎದ್ದು, ಇಳಿದವರ ಮುಖಗಳನ್ನೆಲ್ಲ ನೋಡಿ, ಬಸ್ಸು ಹೊರಟ ಮೇಲೆ ಮತ್ತೆ ಕೂತ.